ಡಿಸ್ಕ್ ಖಾಲಿ ಇದ್ದರೂ ಫೋಟೊ ಅಪ್‌ಲೋಡ್ ಆಗ್ತಿಲ್ವಾ? ಫೈಲ್ ಲೆಕ್ಕ ನೋಡಿ

ಶಿರಸಿ, ಗೋಕರ್ಣ ಕಡೆ ಹೋಮ್‌ಸ್ಟೇ ವೆಬ್‌ಸೈಟ್ ನೋಡಿಕೊಳ್ಳುವವರಿಗೆ: ಸರ್ವರ್‌ನಲ್ಲಿ ಎಷ್ಟು ಜಿಬಿ ಉಳಿದಿದೆ ಅಂತ ಮಾತ್ರ ನೋಡಬೇಡಿ, ಎಷ್ಟು ಫೈಲ್ ಇವೆ ಅಂತಲೂ ನೋಡಿ. ಹೋಸ್ಟಿಂಗ್ ನಿಭಾಯಿಸುವ ಸಿಪ್ಯಾನೆಲ್‌ನ ಸ್ಟ್ಯಾಟಿಸ್ಟಿಕ್ಸ್ ಪಟ್ಟಿಯಲ್ಲಿ 'ಫೈಲ್ ಯೂಸೇಜ್' ಅಥವಾ 'ಐನೋಡ್' ಅಂತ ಇರುತ್ತದೆ, ಅದೇ ಫೈಲ್‌ಗಳ ಲೆಕ್ಕ. ಒಂದೇ ಸರ್ವರನ್ನು ಹಲವು ಸೈಟ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಇದಕ್ಕೂ ಮಿತಿ ಉಂಟು, ಅದು ತುಂಬಿದರೆ ಹೊಸ ಫೈಲ್ ಸೇರುವುದಿಲ್ಲ. 1 ಕೆಬಿ ಫೈಲೂ ಒಂದೇ ಲೆಕ್ಕ, 1 ಜಿಬಿ ವಿಡಿಯೊನೂ ಒಂದೇ ಲೆಕ್ಕ. ವರ್ಡ್‌ಪ್ರೆಸ್‌ಗೆ ಯಾಣದ ಒಂದು ಫೋಟೊ ಹಾಕಿದರೆ ಅದು ಅಳತೆಗೊಂದರಂತೆ ಹಲವು ಪ್ರತಿ ಮಾಡಿಡುತ್ತದೆ. ಮೇಲ್ ಕೂಡ ಅದೇ ಸರ್ವರ್‌ನಲ್ಲಿದ್ದರೆ ಒಂದೊಂದು ಮೇಲೂ ಸಾಮಾನ್ಯವಾಗಿ ಒಂದೊಂದು ಫೈಲ್. ಯಾರೂ ತೆರೆಯದ ಹಳೇ ಮೇಲ್‌ಬಾಕ್ಸ್‌ನಲ್ಲಿ ಸ್ಪ್ಯಾಮ್ ಸುಮ್ನೆ ತುಂಬಿಕೊಂಡಿರುತ್ತದೆ, ಅಲ್ವಾ? ಮೊದಲು ಆ ಸ್ಪ್ಯಾಮ್ ಅಳಿಸಿ, ಆಮೇಲೆ ಕ್ಯಾಶ್ (ತಾತ್ಕಾಲಿಕ ಪ್ರತಿಗಳ) ಫೋಲ್ಡರ್ ಖಾಲಿ ಮಾಡಿ. ಟ್ರ್ಯಾಶನ್ನೂ ಖಾಲಿ ಮಾಡಿ, ಇಲ್ಲದಿದ್ದರೆ ಲೆಕ್ಕ ಇಳಿಯುವುದಿಲ್ಲ. ಆದರೆ ಡಿಸೆಂಬರ್ ರಜೆಯ ರಶ್‌ನಲ್ಲಿ ಬುಕಿಂಗ್ ಪುಟ ತೆರೆಯೋಕೇ ತಡವಾಗುತ್ತಿದ್ದರೆ ಇದರಿಂದ ಏನೂ ಆಗದು. ಆಗ 'ರಿಸೋರ್ಸ್ ಯೂಸೇಜ್' ಪುಟದಲ್ಲಿ ಸಿಪಿಯು, ಎಂಟ್ರಿ ಪ್ರೊಸೆಸ್ (ಸೈಟ್‌ಗೆ ಒಂದೇ ಹೊತ್ತಿಗೆ ನಡೆಯುವ ಕೋರಿಕೆಗಳು) ಮಿತಿ ಮುಟ್ಟಿವೆಯಾ ನೋಡಿ. ಆ ಪುಟ ಎಲ್ಲ ಹೋಸ್ಟಿಂಗ್‌ನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಸಪೋರ್ಟ್‌ನವರನ್ನೇ ಕೇಳಬೇಕು.