ಬಿದ್ರಿಯ ಬೆಳ್ಳಿ ಗೆರಿಗೆ ನೇರಳೆ ಅಂಚು ಬಂದ್ರ

ಹೋದ ವರ್ಷ ಬೀದರಿನ ಚೌಬಾರಾ ಕಡೆ ಒಬ್ಬ ಕಾರೀಗರರ ಬಿದ್ರಿ ಸುರಾಹಿ (ಕಪ್ಪು ಲೋಹದಾಗ ಬೆಳ್ಳಿ ತಂತಿ ಕೂರಿಸಿದ ಹೂಜಿ) ಫೋಟೋ ತೆಗೆದಿದ್ದೆ. ಚಿತ್ರ ನೋಡಿದ ಗಿರಾಕಿ ಕೇಳಿದ್ದು ಒಂದೇ ಮಾತು: "ಬೆಳ್ಳಿ ತಂತಿ ಸುತ್ತ ಬೆಳ್ಳನ್ನ ಪೊರೆ ಕಾಣ್ತದ, ತಂತಿ ಸಡಿಲ ಅದ ಏನ್ರಿ?" ತಂತಿ ಗಟ್ಟಿಯಾಗೇ ಇತ್ತು. ಆ ಪೊರೆ ಕಂಪ್ಯೂಟರಿನ್ಯಾಗ ನಾನೇ ಹಚ್ಚಿದ್ದು. ಕಾರೀಗರರ ಕೆಲಸಕ್ಕ ನನ್ನ ಕೈಯಿಂದ ಕೆಟ್ಟ ಹೆಸರು ಬಂತಲ್ಲ ಅಂತ ಭಾಳ ನೊಂದೆ. ಅವತ್ತಿನಿಂದ ಕಲಿತದ್ದು ಇದು.

ಬಿದ್ರಿ ಸಾಮಾನು ಲೆನ್ಸಿಗೆ ಕಠಿಣ ಪರೀಕ್ಷೆ. ಸತು-ತಾಮ್ರದ ಮೈಯನ್ನ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡ್ತಾರ. ಬೆಳ್ಳಿ ಮಾತ್ರ ಹಂಗೇ ಉಳಿತದ. ಅಚ್ಚ ಕಪ್ಪು, ಅಚ್ಚ ಬಿಳಿ ಒಂದಕ್ಕೊಂದು ಹತ್ತಿ ಕೂತಿರ್ತಾವ. ಅಂಥ ಅಂಚಿನ್ಯಾಗೇ ತಪ್ಪು ಎದ್ದು ಕಾಣೋದು.

ಮೊದಲು ಚಿತ್ರ 100 ಪರ್ಸೆಂಟಿಗೆ ಹಿಗ್ಗಿಸಿ ನೋಡ್ರಿ. ಅಂಚಿನ್ಯಾಗ ಬಣ್ಣ ಅದ ಅಂದ್ರ ಹೆಚ್ಚಾಗಿ ಲೆನ್ಸಿನ ದೋಷ. ಬಣ್ಣ ಇಲ್ಲದ ಬಿಳಿ ಪಟ್ಟಿ ಇದ್ರ ಅದು ಹೇಲೋ, ಎಡಿಟಿಂಗಿನ ದೋಷ. ಒಂದರ ಔಷಧ ಇನ್ನೊಂದಕ್ಕ ನಡೆಯಂಗಿಲ್ಲ.

ಬಣ್ಣದ್ದರಾಗ ಮತ್ತ ಎರಡು ಥರ. ಚಿತ್ರದ ಮೂಲಿಯೊಳಗ ಗೆರಿಯ ಒಂದು ಮಗ್ಗಲು ಕೆಂಪು, ಇನ್ನೊಂದು ಮಗ್ಗಲು ಹಸಿರು-ನೀಲಿ, ನಡುವ ಏನೂ ಇಲ್ಲ ಅಂದ್ರ, ಲೆನ್ಸು ಒಂದೊಂದು ಬಣ್ಣವನ್ನ ಒಂದೊಂದು ಅಳತಿಗೆ ಹಿಗ್ಗಿಸ್ಯದ ಅಂತ ಅರ್ಥ. ಇದಕ್ಕ ಅಪರ್ಚರ್, ಅಂದ್ರ ಲೆನ್ಸಿನ ಬೆಳಕಿನ ಕಿಂಡಿ, ಸಣ್ಣ ಮಾಡಿ ಉಪಯೋಗ ಇಲ್ಲ. ಫೋಟೋ ತಿದ್ದೋ ಸಾಫ್ಟ್‌ವೇರ್ ಲೈಟ್‌ರೂಮಿನ 'ರಿಮೂವ್ ಕ್ರೊಮ್ಯಾಟಿಕ್ ಅಬರೇಶನ್' ಟಿಕ್ ಮಾಡಿದ್ರ ಸಾಮಾನ್ಯವಾಗಿ ಹೋಗ್ತದ; ಪುಕ್ಕಟೆ ಸಿಗೋ ಡಾರ್ಕ್‌ಟೇಬಲಿನ್ಯಾಗೂ ಈ ಸೌಲಭ್ಯ ಅದ.

ಇನ್ನೊಂದು ಹಟಮಾರಿ. ಚಿತ್ರದ ನಟ್ಟನಡುವನೂ ಬರ್ತದ: ಫೋಕಸಿನ ಮುಂದ ನೇರಳೆ, ಹಿಂದ ಹಸಿರು. ಎಲ್ಲಾ ಬಣ್ಣ ಒಂದೇ ಕಡೆ ಫೋಕಸ್ ಆಗದಿದ್ದಕ್ಕ ಹಿಂಗ. ನನ್ನ 50 ಎಂಎಂ ಲೆನ್ಸನ್ನ ಎಫ್ 1.8ಕ್ಕ ತೆರೆದು ಸುರಾಹಿಯ ಹೊಟ್ಟಿಗೆ ಫೋಕಸ್ ಮಾಡಿದ್ದೆ, ಹಿಂದಕ್ಕ ಸರಿದ ಮಗ್ಗಲಿನ ಹೂಬಳ್ಳಿ ಹಸಿರಾಗಿತ್ತು. ಈಗ ಟ್ರೈಪಾಡ್ ಇಟ್ಟು ಅಪರ್ಚರ್ ಎಫ್ 8ಕ್ಕ ಸಣ್ಣ ಮಾಡ್ತೀನಿ, ಈ ದೋಷಕ್ಕ ಅದು ನಡೀತದ. ಕಿಟಕಿಗೆ ಬಿಳಿ ಧೋತರ ಕಟ್ಟಿ ಬೆಳಕು ಮೆತ್ತಗ ಮಾಡ್ತೀನಿ. ಬೆಳ್ಳಿ ಸುಟ್ಟು ಬೆಳ್ಳಗಾಗದಂಗ ಎಕ್ಸ್‌ಪೋಶರ್ ಒಂದು ಚೂರು ಇಳಿಸ್ತೀನಿ. ಅತಿ ಬೆಳಕು ಬಿದ್ದಷ್ಟೂ ನೇರಳೆ ಅಂಚು ಹೆಚ್ಚು.

ಇಷ್ಟಾದ ಮ್ಯಾಲೂ ಉಳಿದ್ರ ಲೈಟ್‌ರೂಮಿನ್ಯಾಗ ಡಿಫ್ರಿಂಜ್ ಅದ, ಅಂಚಿನ ನೇರಳೆ-ಹಸಿರು ಬಣ್ಣ ತೆಗೆಯೋ ಸ್ಲೈಡರ್. ಆದ್ರ ಇಡೀ ಚಿತ್ರಕ್ಕ ಜೋರಾಗಿ ಹಾಕಬ್ಯಾಡ್ರಿ. 1472ರಾಗ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮಿನಾರು ಮಧ್ಯಾಹ್ನದ ಆಕಾಶಕ್ಕ ಎದುರಾಗಿ ತೆಗೆದಾಗ ಅಂಚೆಲ್ಲ ನೇರಳೆ ಆಗಿತ್ತು. ಡಿಫ್ರಿಂಜ್ ಏರಿಸಿದೆ, ಅಂಚು ಸ್ವಚ್ಛ ಆತು, ಅದರ ಜೋಡಿ ಮಿನಾರಿಗೆ ಹಚ್ಚಿದ ಬಣ್ಣದ ಹೆಂಚಿನ ನೀಲಿನೂ ಬೂದಿ ಬಣ್ಣಕ್ಕ ತಿರುಗಿತು. ಐದು ನೂರು ವರ್ಷ ಬಿಸಿಲು-ಮಳಿ ತಡೆದುಕೊಂಡ ಬಣ್ಣ ಅದು, ನಾವು ಒಂದು ಸ್ಲೈಡರಿನಿಂದ ಅಳಿಸಬಾರದು. ಬ್ರಶ್ ತಗೊಂಡು ಅಂಚಿಗಷ್ಟೇ ಹಚ್ಚರಿ.

ಇನ್ನ ಹೇಲೋ. ಶಾರ್ಪನಿಂಗ್ ಅಂದ್ರ ಅಂಚಿನ ಬಿಳಿ ಮಗ್ಗಲನ್ನ ಇನ್ನಷ್ಟು ಬಿಳಿ, ಕಪ್ಪು ಮಗ್ಗಲನ್ನ ಇನ್ನಷ್ಟು ಕಪ್ಪು ಮಾಡೋದು. ಆ ಪಟ್ಟಿ ಎಷ್ಟು ಅಗಲ ಇರಬೇಕು ಅನ್ನೋದನ್ನ ರೇಡಿಯಸ್ ತೀರ್ಮಾನಿಸ್ತದ. ನಾನು 3 ಇಟ್ಟಿದ್ದೆ, ಅಲ್ಲೇ ಕೆಟ್ಟಿತ್ತು. ಈಗ 0.6 ದಾಟಂಗಿಲ್ಲ. ಮಾಸ್ಕಿಂಗ್ ಸ್ಲೈಡರನ್ನ ಆಲ್ಟ್ ಕೀಲಿ ಒತ್ತಿ ಸರಿಸಿದ್ರ ಶಾರ್ಪನಿಂಗ್ ಎಲ್ಲೆಲ್ಲಿ ಹತ್ತತದ ಅಂತ ಕಪ್ಪು-ಬಿಳುಪಿನ್ಯಾಗ ತೋರಿಸ್ತದ. ಕಳಿಸೋ ಅಳತಿಗೆ ಚಿತ್ರ ಸಣ್ಣ ಮಾಡಿದ ಮ್ಯಾಲೇ ಕೊನೆಯ ಶಾರ್ಪನಿಂಗ್ ಮಾಡ್ರಿ. ಆಗಲೂ ಬಿಳಿ ಪಟ್ಟಿ ಕಂಡ್ರ, ಜಿಂಪ್ ಅನ್ನೋ ಫೋಟೋ ಸಾಫ್ಟ್‌ವೇರಿನ್ಯಾಗ ಲೇಯರ್ ನಕಲು ಮಾಡಿ, ಮ್ಯಾಲಿನದಕ್ಕ ಶಾರ್ಪನ್ ಹಾಕಿ, ಮೋಡ್ 'ಡಾರ್ಕನ್ ಓನ್ಲಿ' ಇಡ್ರಿ. ಬಿಳಿ ಪಟ್ಟಿ ಹೋಗಿ ಕಪ್ಪು ಮಗ್ಗಲಿನ ಚೂಪು ಉಳಿತದ. ಮಿನಾರಿನ ಸುತ್ತ ಆಕಾಶದಾಗ ಬರೋ ಬೆಳಕಿನ ಉಂಗುರ ಬ್ಯಾರೆ, ಅದು ಹೆಚ್ಚಾಗಿ ಕ್ಲಾರಿಟಿ ಸ್ಲೈಡರ್ ಇಲ್ಲಾ ಎಚ್‌ಡಿಆರ್ (ಕತ್ತಲಿ-ಬೆಳಕು ಎರಡರ ವಿವರನೂ ಕೂಡಿಸಿ ತೋರಿಸೋ ವಿಧಾನ) ಅತಿ ಆಗಿದ್ದಕ್ಕ. ಅವನ್ನ ಇಳಿಸಿದ್ರ ಸಾಕು.

ಮೊಬೈಲಿನವರು ಸಾಧ್ಯ ಇದ್ರ ಪ್ರೊ ಮೋಡಿನ್ಯಾಗ ರಾ (RAW), ಅಂದ್ರ ಫೋನು ತಿದ್ದದ ಕಚ್ಚಾ ಚಿತ್ರ, ತೆಗೀರಿ. ಜೆಪೆಗ್ ಕೈಗೆ ಬರೋದ್ರೊಳಗ ಫೋನು ತಾನೇ ಶಾರ್ಪನ್ ಮಾಡಿ ಮುಗಿಸಿರ್ತದ. ಆ ಹೇಲೋ ತೆಗೆಯೋದು ಭಾಳ ಕಷ್ಟ.

ಅದೇ ಸುರಾಹಿ ಮತ್ತ ತೆಗೆದು ಕಾರೀಗರರಿಗೆ ತೋರಿಸಿದೆ. ಅವರು ಚಿತ್ರ ಹಿಗ್ಗಿಸಿಕೋತ ಹೋಗಿ, ಎರಡು ತಂತಿ ಕೂಡಿದ ಕಡೆ ಬೆರಳಿಟ್ಟು, "ಈಗ ಜೋಡ ಕಾಣ್ತದ" ಅಂದ್ರು.