ಕ್ಲಚ್ ಬಿಟ್ಟಾಗ ಹಿಂದೆ ‘ಟಡಕ್’: ಪ್ಲೇ (ಸಡಿಲ) ಎಲ್ಲಿದೆ ಅಂತ ಪತ್ತೆ ಮಾಡುವುದು ಹೇಗೆ?

ಲೋಡ್ ಹಾಕಿಕೊಂಡು ಹೊರಟಾಗ, ಕ್ಲಚ್ ಬಿಡುತ್ತಿದ್ದಂತೆ ಪಿಕಪ್‌ನ ಹಿಂದುಗಡೆ ‘ಟಡಕ್’ ಅಂತ ಸದ್ದು. ರಿವರ್ಸ್ ಹಾಕಿದರೆ ಮತ್ತೊಂದು ಸಲ. ಗ್ಯಾರೇಜಿನಲ್ಲಿ ಈ ಸದ್ದು ಹೇಳಿದರೆ ‘ಕ್ರೌನ್ ಪಿನಿಯನ್ ಹೋಗಿದೆ, ಹೌಸಿಂಗ್ ಬಿಚ್ಚಬೇಕು’ ಎಂಬ ಮಾತು ಬೇಗ ಬರುತ್ತದೆ. ಕ್ರೌನ್ ಪಿನಿಯನ್ ಅಂದರೆ ಹಿಂದಿನ ಆಕ್ಸಲ್ ಒಳಗಿನ ಗೇರ್ ಜೋಡಿ, ಹೌಸಿಂಗ್ ಅಂದರೆ ಅದರ ಹೊರಗಿನ ಲೋಹದ ಕವಚ. ನನ್ನ ಗಾಡಿಗೂ ಒಮ್ಮೆ ಹಾಗೇ ಹೇಳಿದ್ದರು. ಕೊನೆಗೆ ಸಿಕ್ಕಿದ್ದು ಗ್ರೀಸ್ ಕಾಣದೆ ಸವೆದ ಒಂದು ಕ್ರಾಸ್, ಅಂದರೆ ಶಾಫ್ಟಿನ ತುದಿಯನ್ನು ಕೂಡಿಸುವ ಪ್ಲಸ್ ಆಕಾರದ ಕೀಲು. ಅದಕ್ಕೇ ಹೌಸಿಂಗ್‌ಗೆ ಕೈ ಹಾಕುವ ಮೊದಲು ಅರ್ಧ ಗಂಟೆ ಗಾಡಿ ಕೆಳಗೆ ಮಲಗಿ ನೋಡಿ.

ಬೊಲೆರೊ ಪಿಕಪ್, ಟಾಟಾ ಯೋಧ ಥರದ ಗಾಡಿಗಳಲ್ಲಿ ಎಂಜಿನ್ನಿನ ಎಳೆತ ಗೇರ್‌ಬಾಕ್ಸ್‌ನಿಂದ ಪ್ರೊಪೆಲ್ಲರ್ ಶಾಫ್ಟ್ (ಗಾಡಿ ಕೆಳಗೆ ತಿರುಗುವ ಉದ್ದನೆಯ ಕೊಳವೆ), ಕ್ರಾಸ್, ಪಿನಿಯನ್, ಕ್ರೌನ್, ಸ್ಟಾರ್ ಗೇರ್ (ಎರಡು ಚಕ್ರಗಳಿಗೂ ಎಳೆತ ಹಂಚುವ ಸಣ್ಣ ಗೇರ್‌ಗಳು), ಆಕ್ಸಲ್ ಶಾಫ್ಟ್ ದಾಟಿ ಚಕ್ರಕ್ಕೆ ಹೋಗುತ್ತದೆ. ಗೇರಿನ ಹಲ್ಲುಗಳ ನಡುವೆ ಸ್ವಲ್ಪ ಸಂದು ಇರಲೇಬೇಕು, ಇಲ್ಲದಿದ್ದರೆ ಆಯಿಲ್‌ಗೆ ಜಾಗ ಇರುವುದಿಲ್ಲ. ಒಂದೊಂದು ಕಡೆಯ ಸಣ್ಣ ಪ್ಲೇ ಕೂಡಿಕೊಂಡು ಜಾಸ್ತಿಯಾದಾಗ ಟಡಕ್ ಕೇಳಿಸುತ್ತದೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ, ಖಾಲಿ ಮಾಡಿ ನಿಲ್ಲಿಸಿ. ಸೈಲೆನ್ಸರ್ ಆರಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಮರದ ತುಂಡು ಕೊಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಪೂರ್ತಿ ಮೇಲೆ, ಕೀಲಿ ನಿಮ್ಮ ಜೇಬಿನಲ್ಲಿ. ಬರೀ ಜಾಕ್ ನಂಬಿ ಯಾವತ್ತೂ ಕೆಳಗೆ ಹೋಗಬೇಡಿ.

ಮೊದಲು ಕ್ರಾಸ್. ಅದರ ತುದಿಗಳ ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ ಅಂತಲೇ ಅರ್ಥ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಪಿನಿಯನ್ ಫ್ಲ್ಯಾಂಜ್ (ಪಿನಿಯನ್ ತುದಿಯಲ್ಲಿ ಶಾಫ್ಟ್ ಕೂಡುವ ದುಂಡನೆಯ ತಟ್ಟೆ) ಹಿಡಿದು ಎದುರುಬದುರು ತಿರುಗಿಸಿ. ಶಾಫ್ಟ್ ಅಲುಗಿ ಫ್ಲ್ಯಾಂಜ್ ಸುಮ್ನೆ ಇದ್ದರೆ ಕ್ರಾಸ್ ಬದಲಿಸಬೇಕು. ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಿದೆಯಾ ಅಂತಲೂ ನೋಡಿಕೊಳ್ಳಿ.

ಆಮೇಲೆ ಪಿನಿಯನ್ ಬೇರಿಂಗ್. ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿ. ಇಲ್ಲಿ ಸ್ವಲ್ಪವೂ ಶೇಕ್ ಇರಬಾರದು. ಇದ್ದರೆ ಕೆಲವರು ಪಿನಿಯನ್ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಕಳಿಸುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಹಲವು ಆಕ್ಸಲ್‌ಗಳಲ್ಲಿ ಒಳಗೊಂದು ಸ್ಲೀವ್ ಇರುತ್ತದೆ, ನಟ್ ಬಿಗಿದಷ್ಟೂ ಅದು ಅಮುಕಿಕೊಳ್ಳುತ್ತದೆ. ಬೇರಿಂಗ್ ಮೇಲಿನ ಒತ್ತಡ ಅಳತೆ ಮೀರಿದರೆ ಬೇರಿಂಗೇ ಸುಟ್ಟುಹೋಗುತ್ತದೆ.

ಈಗ ಸೀಮೆಸುಣ್ಣದ ಪರೀಕ್ಷೆ. ಫ್ಲ್ಯಾಂಜ್ ಅಂಚಿಗೂ ಪಕ್ಕದ ಹೌಸಿಂಗ್‌ಗೂ ಸೇರುವಂತೆ ಒಂದು ಗೆರೆ ಎಳೆಯಿರಿ. ಫ್ಲ್ಯಾಂಜನ್ನೇ ಹಿಡಿದು ಒಂದು ಕಡೆ ತಿರುಗಿಸಿ, ‘ಟಕ್’ ಎಂದು ನಿಂತಲ್ಲಿ ಗುರುತು ಹಾಕಿ. ಇನ್ನೊಂದು ಕಡೆಗೂ ಹಾಗೇ. ಚಕ್ರ ಬ್ರೇಕ್‌ನಲ್ಲಿ ಹಿಡಿದಿರುವುದರಿಂದ ಎರಡು ಗುರುತಿನ ನಡುವೆ ಇರುವುದು ಆಕ್ಸಲ್ ಒಳಗಿನ ಒಟ್ಟು ಪ್ಲೇ.

ಇಲ್ಲಿ ಒಂದು ಲೆಕ್ಕ ಹಾಕಲೇಬೇಕು. ಕ್ರೌನ್ ಪಿನಿಯನ್ ಹಲ್ಲುಗಳ ಸಂದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಇರುತ್ತದೆ. ಪಿನಿಯನ್ ನಾಲ್ಕು ಸುತ್ತಿಗೆ ಕ್ರೌನ್ ಒಂದು ಸುತ್ತು ಅಂತ ಹಿಡಿದರೆ, ಅಂಗೈಯಗಲದ ಫ್ಲ್ಯಾಂಜ್ ಅಂಚಿನಲ್ಲಿ ಅದು ಅರ್ಧ ಮಿಲಿಮೀಟರ್ ಆಸುಪಾಸು ಕಾಣಬಹುದು, ಅಷ್ಟೇ. ನಿಮ್ಮ ಗುರುತುಗಳ ನಡುವೆ ಐದಾರು ಮಿ.ಮೀ. ಇದೆ ಅನ್ನಿ. ಅಷ್ಟನ್ನೂ ಕ್ರೌನ್ ಪಿನಿಯನ್ ತಲೆಗೆ ಕಟ್ಟಲು ಆಗಲ್ಲ ಅಲ್ವಾ? ಸ್ಟಾರ್ ಗೇರ್‌ಗಳ ಹಿಂದಿನ ವಾಷರ್, ಅವುಗಳ ಪಿನ್, ಆಕ್ಸಲ್ ಶಾಫ್ಟಿನ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) ಸವೆದಿರುವ ಸಾಧ್ಯತೆಯೇ ಹೆಚ್ಚು. ಎಷ್ಟಿದ್ದರೆ ಸರಿ ಎಂಬುದಕ್ಕೆ ಎಲ್ಲ ಗಾಡಿಗೂ ಒಂದೇ ಅಳತೆ ಇಲ್ಲ. ಅದೇ ಮಾಡೆಲ್‌ನ ಚೆನ್ನಾಗಿ ಓಡುತ್ತಿರುವ ಇನ್ನೊಂದು ಗಾಡಿಯಲ್ಲೂ ಗೆರೆ ಎಳೆದು ಹೋಲಿಸಿ ನೋಡಿ.

ಹಾಗೇ ಸ್ಪ್ರಿಂಗ್ ಪಟ್ಟಿಗಳ ಯು-ಬೋಲ್ಟ್ ಬಿಗಿ ಇದೆಯಾ, ಬುಶ್ ಸವೆದಿದೆಯಾ ಪರೀಕ್ಷಿಸಿ. ಅವು ಸಡಿಲವಾದರೂ ಇದೇ ಥರ ಟಡಕ್ ಅನ್ನುತ್ತವೆ.

ಹೌಸಿಂಗ್ ಆಯಿಲ್ ಇಳಿಸಿದಾಗ ಅದನ್ನು ಬೆರಳಿನ ನಡುವೆ ತಿಕ್ಕಿ ನೋಡಿ. ನುಣ್ಣಗಿನ ಬೂದು ಪೇಸ್ಟ್ ಮಾಮೂಲು. ಲೋಹದ ಚೂರು ಸಿಕ್ಕರೆ, ಅಥವಾ ಎಳೆತದಲ್ಲಿ ‘ಗುಂಯ್’ ಅನ್ನುವ ಸದ್ದೂ ಇದ್ದರೆ, ಆಗ ಹೌಸಿಂಗ್ ಬಿಚ್ಚಿಸಿ ಡಯಲ್ ಗೇಜ್‌ನಿಂದ ಅಳೆಸಿ. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು, ಒಂದನ್ನೇ ಹಾಕಿಸಬೇಡಿ.

ಕ್ರಾಸ್ ಬದಲಿಸಲು ಶಾಫ್ಟ್ ಇಳಿಸುವುದಾದರೆ ಮೊದಲು ಶಾಫ್ಟ್‌ಗೂ ಫ್ಲ್ಯಾಂಜ್‌ಗೂ ಗುರುತು ಹಾಕಿಸಿ. ಸ್ಲೈಡಿಂಗ್ ಸ್ಪ್ಲೈನ್ ಬೇರೆ ಮಾಡಿದರೆ ಅಲ್ಲೂ ಗುರುತು ಬೇಕು. ಗುರುತಿಗೆ ಗುರುತು ಕೂರಿಸದಿದ್ದರೆ ಟಡಕ್ ಹೋಗಿ ಸ್ಪೀಡಿನಲ್ಲಿ ನಡುಕ ಶುರುವಾಗಬಹುದು.