ಮೋಲ್ ಸ್ಕಿಂಕ್ ಗುರುತಿಸುವುದಾದರೆ ಬಾಲ ಆಮೇಲೆ, ಜಾಗ ಮೊದಲು

ಫ್ಲೋರಿಡಾಕ್ಕೆ ನೆಂಟರು ಬಂದರೆ ಡಿಸ್ನಿ ಮುಗಿಸಿ ಮೊಸಳೆ ಕೇಳುತ್ತಾರೆ. ನಾನು ಯುಎಸ್ 27 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಕರೆದುಕೊಂಡು ಹೋಗಿ ಬಿಳೀ ಮರಳು ತೋರಿಸುತ್ತೇನೆ. ಅರ್ಧ ಜನ ಮುಖ ಸಿಂಡರಿಸುತ್ತಾರೆ. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹುಡುಕುವುದು ಮೋಲ್ ಸ್ಕಿಂಕ್ ಎಂಬ ಪುಟ್ಟ ಹಾವುರಾಣಿಯನ್ನು. ಬಾಲವೂ ಸೇರಿ 9ರಿಂದ 16 ಸೆಂಟಿಮೀಟರ್ ಉದ್ದ, ಅದರಲ್ಲಿ ಬಾಲದ್ದೇ ದೊಡ್ಡ ಪಾಲು. ಸಪೂರ ಮೈ, ಗಿಡ್ಡ ಕಾಲು, ಒಂದೊಂದು ಕಾಲಿಗೆ ಐದು ಬೆರಳು. ಸಡಿಲ ಮರಳು ಸಿಕ್ಕರೆ ಕಣ್ಣೆದುರೇ ಮಾಯ. ಜಿರಳೆ, ಜೇಡ, ಮಿಡತೆ ಜಾತಿಯ ಹುಳಗಳು ಇದರ ಊಟ.

ಈ ಜಾತಿಗೆ ಐದು ಉಪಜಾತಿಗಳಿವೆ. ಎಲ್ಲರೂ ಮಾಡುವುದು ಒಂದೇ: ಬಾಲದ ಬಣ್ಣ ನೋಡಿ ಹೆಸರು ಹೇಳುವುದು. ಹಾಗೆ ಮಾಡಬೇಡಿ. ಮೊದಲು ನಕ್ಷೆ ತೆಗೆದು, ನೀವು ನಿಂತಿರುವುದು ಎಲ್ಲಿ ಎಂದು ನೋಡಿ. ಜಾರ್ಜಿಯಾ, ಅಲಬಾಮಾಗಳ ದಕ್ಷಿಣ ಭಾಗ ಮತ್ತು ಫ್ಲೋರಿಡಾದ ಉತ್ತರ ಭಾಗದಲ್ಲಿದ್ದರೆ ಅದು ನಾರ್ದರ್ನ್. ಅಲ್ಲಿಂದ ಕೆಳಗೆ, ಪರ್ಯಾಯದ್ವೀಪದ ಮರಳು ನೆಲದಲ್ಲಿ ಪೆನಿನ್ಸುಲಾ. ಲೀವಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ಸೀಡರ್ ಕೀ ಸುತ್ತಲಿನ ದ್ವೀಪಗಳಲ್ಲಿ ಸೀಡರ್ ಕೀ ಮೋಲ್ ಸ್ಕಿಂಕ್. ದಕ್ಷಿಣದ ತುದಿಯ ದ್ವೀಪಸಾಲಿನಲ್ಲಿ ಫ್ಲೋರಿಡಾ ಕೀಸ್. ಇನ್ನು ಪೋಕ್, ಹೈಲ್ಯಾಂಡ್ಸ್, ಆಸಿಯೋಲಾ ಕೌಂಟಿಗಳಲ್ಲಿ ಹಾದುಹೋಗುವ ಲೇಕ್ ವೇಲ್ಸ್ ರಿಡ್ಜ್ ಎಂಬ ಮರಳು ದಿಣ್ಣೆಯ ಮೇಲೆ ಮಾತ್ರ ಬ್ಲೂಟೇಲ್.

ಈ ದಿಣ್ಣೆ ನನಗೆ ಪ್ರಾಣ. ಹಿಂದೊಮ್ಮೆ ಸಮುದ್ರ ಮಟ್ಟ ಈಗಿನದಕ್ಕಿಂತ ಮೇಲಿದ್ದಾಗ ಇದು ದ್ವೀಪಗಳ ಸಾಲಾಗಿತ್ತು. ಸುತ್ತ ನೀರು, ನಡುವೆ ಒಣ ಮರಳು. ಅಲ್ಲಿ ಸಿಕ್ಕಿಕೊಂಡ ಗಿಡ, ಪ್ರಾಣಿಗಳು ತಮ್ಮದೇ ದಾರಿ ಹಿಡಿದವು. ಬೇರೆಲ್ಲೂ ಸಿಗದ ಜೀವಿಗಳು ಇಲ್ಲಿ ಇಷ್ಟೊಂದು ಇರುವುದಕ್ಕೆ ಅದೇ ಕಾರಣ. ಆಮೇಲೆ ಕಿತ್ತಳೆ ತೋಟಗಳು ಬಂದವು, ಈಗ ಮನೆಗಳು. ಒಣಗಿದ ಎತ್ತರದ ಜಾಗ ಎಲ್ಲರಿಗೂ ಬೇಕು, ಅಲ್ವಾ?

ಬಾಲ ಯಾಕೆ ನಂಬಬಾರದು ಅಂದರೆ, ಬ್ಲೂಟೇಲ್‌ನ ಬಾಲ ಗಾಢ ನೀಲಿ ಇರುವುದು ಮರಿಯಲ್ಲಿ. ವಯಸ್ಸಾದಂತೆ ಅದು ಗುಲಾಬಿಗೆ ತಿರುಗುತ್ತದೆ. ಬಾಲ ತುಂಡಾಗಿ ಮತ್ತೆ ಬೆಳೆದರೂ ಗುಲಾಬಿಯೇ. ಪೆನಿನ್ಸುಲಾದ್ದು ಇನ್ನೂ ಮೋಸ: ಕೆಂಪು, ಕಿತ್ತಳೆ, ಹಳದಿ, ನೇರಳೆ, ಕಂದು ಏನು ಬೇಕಾದರೂ ಇರಬಹುದು. ಬೆನ್ನಿನ ತಿಳಿ ಗೆರೆಗಳು ಸ್ವಲ್ಪ ಸಹಾಯ ಮಾಡುತ್ತವೆ. ಕೀಸ್‌ನದರಲ್ಲಿ ಅವು ಅಗಲವಾಗದೆ ನೇರ ಹಿಂದಕ್ಕೆ ಹೋಗುತ್ತವೆ. ಪೆನಿನ್ಸುಲಾದಲ್ಲಿ ಹಿಂದೆ ಹೋದಂತೆ ಅಗಲವಾಗುತ್ತವೆ, ಇಲ್ಲವೇ ಒಂದಕ್ಕೊಂದು ದೂರ ಸರಿಯುತ್ತವೆ.

ನೀಲಿ ಬಾಲ ಕಂಡ ಕೂಡಲೇ ಕುಣಿಯಬೇಡಿ. ಐದು ಗೆರೆಯ ಸ್ಕಿಂಕ್‌ಗಳ ಮರಿಗೂ ನೀಲಿ ಬಾಲವಿದೆ. ಬೆನ್ನ ನಡುವೆಯೂ ಒಂದು ಗೆರೆ ಇದ್ದರೆ ಅದು ಮೋಲ್ ಸ್ಕಿಂಕ್ ಅಲ್ಲ. ರೇಸ್‌ರನ್ನರ್ ಎಂಬ ಹಲ್ಲಿಯ ಮರಿಗೂ ನೀಲಿ ಛಾಯೆ ಇರುತ್ತದೆ. ಆದರೆ ಅದು ಉರಿಬಿಸಿಲಲ್ಲಿ ಬಯಲಿನಲ್ಲೇ ಓಡಾಡುತ್ತದೆ, ಕಾಲೂ ಉದ್ದ. ಮರಳ ಮೇಲೆ ಹಾವಿನಂತೆ ಅಂಕುಡೊಂಕಾದ ಗೆರೆ ಕಂಡರೆ ಅದು ಪಕ್ಕದ ಮನೆಯವನು, ಸ್ಯಾಂಡ್ ಸ್ಕಿಂಕ್. ಅದಕ್ಕೆ ಮುಂಗಾಲಿಗೆ ಒಂದೇ ಬೆರಳು, ಹಿಂಗಾಲಿಗೆ ಎರಡು.

ಹೋಗುವ ಕಾಲಕ್ಕೆ ಬರೋಣ. ಚಳಿಗಾಲದ ಕೊನೆಯ ಬಿಸಿಲು ದಿನಗಳು ಒಳ್ಳೆಯವು. ಪಾಕೆಟ್ ಗೋಫರ್ ಎಂಬ ಬಿಲ ತೋಡುವ ಪ್ರಾಣಿ ಮರಳನ್ನು ಗುಡ್ಡೆ ಹಾಕಿರುತ್ತದೆ. ಆ ಗುಡ್ಡೆ ಬಿಸಿಲಿಗೆ ಬೇಗ ಕಾಯುತ್ತದೆ. ನಾರ್ದರ್ನ್ ಮತ್ತು ಪೆನಿನ್ಸುಲಾ ಸ್ಕಿಂಕ್‌ಗಳು ಮೈ ಬೆಚ್ಚಗೆ ಮಾಡಿಕೊಳ್ಳಲು ಅದರೊಳಗೆ ಸೇರುತ್ತವೆ. ಮಂಡಿಯೂರುವ ಮುಂಚೆ ಅದು ಬೆಂಕಿ ಇರುವೆಯ ಗೂಡಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಇದನ್ನು ಎರಡನೇ ಸಲ ಹೇಳುವ ಅಗತ್ಯ ಯಾರಿಗೂ ಬಂದಿಲ್ಲ. ಕೀಸ್‌ನಲ್ಲಾದರೆ ಗೋಫರ್ ಗುಡ್ಡೆ ಬಿಡಿ. ಅಲೆ ತಂದು ಹಾಕಿದ ಕಡಲಪಾಚಿಯ ಸಾಲು, ಒಣಗಿದ ಮರದ ತುಂಡು, ಸುಣ್ಣಕಲ್ಲಿನ ಅಡಿ ನೋಡಬೇಕು. ಬೀಚ್ ಚೊಕ್ಕಟ ಕಾಣಲಿ ಎಂದು ಆ ಪಾಚಿ ಬಾಚಿ ಎಸೆದರೆ ಹುಳವೂ ಇಲ್ಲ, ಸ್ಕಿಂಕೂ ಇಲ್ಲ.

ದಿಣ್ಣೆಯ ಮೇಲಂತೂ ನಿಯಮ ಬಿಗಿ. ಬ್ಲೂಟೇಲ್ ಮತ್ತು ಸ್ಯಾಂಡ್ ಸ್ಕಿಂಕ್ ಎರಡೂ 1987ರಿಂದ ಅಮೆರಿಕದ ಒಕ್ಕೂಟ ಸರ್ಕಾರದ ಅಪಾಯದಂಚಿನ ಜೀವಿಗಳ ಕಾಯ್ದೆಯ ರಕ್ಷಣೆಯಲ್ಲಿವೆ. ಪರವಾನಗಿ ಇಲ್ಲದೆ ಹಿಡಿಯುವಂತಿಲ್ಲ, ಪೀಡಿಸುವಂತಿಲ್ಲ. ಹಾಗಾಗಿ ಅಲ್ಲಿ ಮರಳು ಕೆದಕುವುದೂ ಬೇಡ. ಲೇಕ್ ವೇಲ್ಸ್ ರಿಡ್ಜ್ ಸ್ಟೇಟ್ ಫಾರೆಸ್ಟ್‌ನಂಥ ಕಡೆ ಕಾಲುದಾರಿ ಬಿಡದೆ ನಿಧಾನ ನಡೆಯಿರಿ. ಗಿಡಗಳ ನಡುವಿನ ಬೋಳು ಮರಳಿನ ಅಂಚು, ಒಣ ಎಲೆಯ ತೆಳು ಹೊದಿಕೆ, ಅಲ್ಲಿ ಕಣ್ಣಿಡಿ. ಒಂದು ಕಡೆ ನಾಲ್ಕಾರು ಇದ್ದು, ಅಂಥದ್ದೇ ಪಕ್ಕದ ಜಾಗದಲ್ಲಿ ಒಂದೂ ಇರದಿರಬಹುದು. ಬೇಸರ ಬೇಡ.

ಕುರುಚಲು ಕಾಡಿನಲ್ಲಿ 61 ಸೆಂಟಿಮೀಟರ್ ಚೌಕದ ಪ್ಲೈವುಡ್ ಹಲಗೆಗಳು ಬಿದ್ದಿದ್ದರೆ ಕಸವೆಂದು ಎತ್ತಬೇಡಿ. ಅದು ಸ್ಕಿಂಕ್‌ಗಳ ಸಮೀಕ್ಷೆ. ಎಕರೆಗೆ 40 ಹಲಗೆ ಹಾಕಿ, ಮಾರ್ಚ್ 1ರಿಂದ ಮೇ 15ರ ನಡುವೆ ನಾಲ್ಕು ವಾರ, ವಾರಕ್ಕೊಮ್ಮೆ ಎತ್ತಿ ನೋಡುತ್ತಾರೆ. ನೀವು ಮಧ್ಯೆ ಎತ್ತಿದರೆ ಅಡಿಯ ಜಾಡು ಹಾಳು, ಅವರ ಲೆಕ್ಕವೂ ಹಾಳು.

ಬೇರೆ ಕಡೆ ಕಟ್ಟಿಗೆ ಎತ್ತಿದರೆ ನಿಮ್ಮ ಕಡೆಗೆ ಎತ್ತಿ, ಹಾಗೇ ವಾಪಸ್ ಇಡಿ. ಪ್ರಾಣಿ ಹೊರಬಂದಿದ್ದರೆ ಮೊದಲು ಅದು ಸರಿಯಲಿ, ಆಮೇಲೆ ಕಟ್ಟಿಗೆ. ಅಗೆಯಲೇಬೇಡಿ. ಹೆಣ್ಣು ನೆಲದಡಿ ಮೊಟ್ಟೆಯಿಟ್ಟು ಕಾವಲು ಕೂತಿರುತ್ತದೆ. ಬಾಲಕ್ಕೆ ಕೈ ಹಾಕಿದರೆ ಬಾಲ ನಿಮ್ಮ ಕೈಯಲ್ಲಿ, ಪ್ರಾಣಿ ಮರಳಲ್ಲಿ. ಅದು ಕೂಡಿಟ್ಟ ಕೊಬ್ಬೂ ಬಾಲದಲ್ಲೇ ಇತ್ತು.

ಸುಮ್ನೆ ಫೋಟೋ ತೆಗೆಯಿರಿ: ಮೇಲಿನಿಂದ ಬೆನ್ನಿನ ಗೆರೆ ಪೂರ್ತಿ ಕಾಣುವಂತೆ ಒಂದು, ಪಕ್ಕದಿಂದ ಕಾಲಿನದು ಒಂದು, ಬಾಲದ ಬುಡದ್ದು ಒಂದು. ಬುಡದ ನಂತರ ಬಣ್ಣ ಥಟ್ಟನೆ ಬದಲಾದರೆ ಅದು ಹೊಸ ಬಾಲ. ಕೌಂಟಿಯ ಹೆಸರು ಬರೆದಿಟ್ಟುಕೊಳ್ಳಿ. ಆದರೆ ಬ್ಲೂಟೇಲ್ ಆಗಿದ್ದರೆ ನಿಖರ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹಿಡಿದು ಮಾರುವವರೂ ಓದುತ್ತಾರೆ.